ಪಕ್ಕದವನು ಚೆನ್ನಾಗಿ ಬರೆದರೆ ನನ್ನ ಗ್ರೇಡ್ ಯಾಕೆ ಇಳಿಯಬೇಕು?

(ನಮ್ಮೂರಿನ ಗ್ರಂಥಾಲಯದ ಸಭಾಂಗಣದಲ್ಲಿ ಪೋಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಅವತ್ತು ಕೈಯಲ್ಲಿ ಸೀಮೆಸುಣ್ಣ, ಹಿಂದೆ ಬೋರ್ಡ್ ಇತ್ತು. ಇಲ್ಲಿ ಅದಿಲ್ಲದ ಕಾರಣ ಲೆಕ್ಕದ ಭಾಗವನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಬೋರ್ಡ್ ಮೇಲೆ ಹನ್ನೊಂದು ಸಂಖ್ಯೆ ಬರೆಯುತ್ತೇನೆ.

86, 84, 83, 82, 80, 79, 78, 76, 74, 71, 65.

ಇವು ನಾನು ಪಾಠ ಮಾಡಿದ ಒಂದು ಎಲೆಕ್ಟಿವ್, ಅಂದರೆ ಮಕ್ಕಳೇ ಆರಿಸಿಕೊಳ್ಳುವ ವಿಷಯದ ಅಂಕಗಳು. ಕೊನೆಯ ವರ್ಷದ ಇಂಜಿನಿಯರಿಂಗ್ ತರಗತಿ, ಹನ್ನೊಂದೇ ಜನ. ನೂರಕ್ಕೆ ಬಂದ ಅಂಕ ಇದು. ಒಬ್ಬರೂ ಫೇಲ್ ಇಲ್ಲ. ಯಾವ ಮೇಷ್ಟ್ರಿಗಾದರೂ ಹೊಟ್ಟೆ ತುಂಬುವಂಥ ಫಲಿತಾಂಶ, ಅಲ್ವಾ?

ಆದರೆ ನಮ್ಮಲ್ಲಿ ಆಗ ರಿಲೇಟಿವ್ ಗ್ರೇಡಿಂಗ್ ಇತ್ತು. ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ 'ಕರ್ವ್ ಹಾಕೋದು'. ತರಗತಿಯ ಸರಾಸರಿ ತೆಗೆಯಬೇಕು. ಅಂಕಗಳು ಆ ಸರಾಸರಿಯಿಂದ ಎಷ್ಟು ಚದುರಿವೆ ಎಂದು ನೋಡಬೇಕು. ಆ ಅಳತೆಗೆ ಸ್ಟ್ಯಾಂಡರ್ಡ್ ಡೀವಿಯೇಷನ್ ಅನ್ನುತ್ತಾರೆ. ಸರಾಸರಿಗಿಂತ ಒಂದು ಅಳತೆ ಮೇಲಿದ್ದವರಿಗೆ ಎ. ಸರಾಸರಿಯಿಂದ ಅಲ್ಲಿಯವರೆಗೆ ಬಿ. ಸರಾಸರಿಯಿಂದ ಒಂದು ಅಳತೆ ಕೆಳಗಿನವರೆಗೆ ಸಿ. ಅದಕ್ಕೂ ಕೆಳಗೆ ಡಿ. ನಿಜವಾದ ನಿಯಮದಲ್ಲಿ ಇನ್ನೂ ಜಾಸ್ತಿ ಗ್ರೇಡುಗಳಿದ್ದವು. ಇವತ್ತಿನ ಮಾತಿಗೆ ಇಷ್ಟು ಸಾಕು.

ಈ ಹನ್ನೊಂದರ ಸರಾಸರಿ 78. ಚದುರಿಕೆ ಹತ್ತಿರ ಹತ್ತಿರ 5.9. ಹಾಗಾಗಿ ಎ ಶುರುವಾಗುವುದು 83.9ಕ್ಕೆ, ಡಿ ಶುರುವಾಗುವುದು 72.1ರ ಕೆಳಗೆ. ಅಂದರೆ 71 ತೆಗೆದ ಹುಡುಗನಿಗೆ ಡಿ. 74ಕ್ಕೆ ಸಿ. ಅದೇ ವರ್ಷ ಪಕ್ಕದ ಎಲೆಕ್ಟಿವ್‌ನಲ್ಲಿ ಸರಾಸರಿ 50ರ ಆಸುಪಾಸಿತ್ತು. ಅಲ್ಲಿ 71 ತೆಗೆದವನಿಗೆ ಎ.

74ರ ಹುಡುಗ ನನ್ನ ಕೋಣೆಗೆ ಬಂದ. ಕೈಯಲ್ಲಿ ಎರಡು ಇಂಟರ್ನಲ್ಸ್‌ನ ಬ್ಲೂ ಬುಕ್, ಅಂದರೆ ಉತ್ತರ ಬರೆದ ಪುಸ್ತಕ ಇತ್ತು. "ಸರ್, ನಾನು ಎಲ್ಲಿ ತಪ್ಪು ಮಾಡಿದೆ ಅಂತ ತೋರಿಸಿ, ಮುಂದಿನ ಸಲ ತಿದ್ಕೋತೀನಿ" ಅಂದ. ನನಗೆ ತೋರಿಸಲು ಏನೂ ಇರಲಿಲ್ಲ. ಅವನು ತಪ್ಪು ಮಾಡಿದ್ದಕ್ಕೆ ಸಿ ಬಂದದ್ದಲ್ಲ. ಉಳಿದವರು ಚೆನ್ನಾಗಿ ಬರೆದದ್ದಕ್ಕೆ ಬಂದದ್ದು. ಅದನ್ನು ಅವನ ಮುಖ ನೋಡಿ ಹೇಳಲು ನಾಲಿಗೆ ಹೊರಳಲಿಲ್ಲ.

ಅವತ್ತು ಸಂಜೆ ಮನೆಗೆ ಹೋಗಿ ಒಂದು ಲೆಕ್ಕ ಮಾಡಿದೆ. ಅಲ್ಲಿಂದ ಮುಂದೆ ನನ್ನ ಮನಸ್ಸು ಬದಲಾಯಿತು. ಆ ಲೆಕ್ಕ ನಿಮಗೂ ತೋರಿಸುತ್ತೇನೆ.

65 ತೆಗೆದ ಹುಡುಗನಿಗೆ ಹಾಜರಾತಿ ಕಡಿಮೆ ಇತ್ತು. ಕೊನೇ ಗಳಿಗೆಯಲ್ಲಿ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟ ಮೇಲೆ ಪರೀಕ್ಷೆಗೆ ಕೂರಲು ಒಪ್ಪಿಗೆ ಸಿಕ್ಕಿತ್ತು. ಅವನು ಕೂರದೇ ಇದ್ದಿದ್ದರೆ? ಅವನನ್ನು ತೆಗೆದು ಹತ್ತು ಜನರ ಲೆಕ್ಕ ಹಾಕಿದೆ. ಸರಾಸರಿ 79.3ಕ್ಕೆ ಏರಿತು. ಚದುರಿಕೆ 4.45ಕ್ಕೆ ಇಳಿಯಿತು. 79 ಮತ್ತು 78 ತೆಗೆದವರು ಬಿಯಿಂದ ಸಿಗೆ ಜಾರಿದರು. 74ರ ಹುಡುಗ ಸಿಯಿಂದ ಡಿಗೆ ಬಿದ್ದ. ಮೂವರ ಉತ್ತರ ಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಇನ್ನೊಬ್ಬನಿಗೆ ಹಾಲ್ ಟಿಕೆಟ್ ಸಿಗದಿದ್ದರೆ ಇವರ ಗ್ರೇಡ್ ಇಳಿಯುತ್ತಿತ್ತು.

ಈಗ ಉಲ್ಟಾ ನೋಡೋಣ. ಅದೇ ಹುಡುಗ ಚೆನ್ನಾಗಿ ಓದಿ, 65ರ ಬದಲು 80 ತೆಗೆದ ಅಂದುಕೊಳ್ಳಿ. ಸರಾಸರಿ 79.36 ಆಗುತ್ತದೆ. ಆಗಲೂ 79 ಮತ್ತು 78ರವರು ಸಿಗೆ ಇಳಿಯುತ್ತಾರೆ. 74ರವನು ಆಗಲೂ ಡಿ.

79 ತೆಗೆದ ಹುಡುಗಿ ಪರೀಕ್ಷೆಗೆ ಮುಂಚೆ ಎರಡು ವಾರ ಲ್ಯಾಬಿನ ಹೊರಗಿನ ಕಟ್ಟೆ ಮೇಲೆ ಕೂತು ಆ ಹುಡುಗನಿಗೆ ಪಾಠ ಹೇಳಿಕೊಡುತ್ತಿದ್ದಳು. ನಾನೇ ಕಣ್ಣಾರೆ ನೋಡಿದ್ದೆ. ಅವಳ ಪಾಠ ಪೂರ್ತಿ ಫಲ ಕೊಟ್ಟಿದ್ದರೆ ಅವಳ ಗ್ರೇಡ್ ಹೋಗುತ್ತಿತ್ತು. ಅವನು ಪರೀಕ್ಷೆ ಬಿಟ್ಟಿದ್ದರೂ ಹೋಗುತ್ತಿತ್ತು. ಅವಳ ಬಿ ಉಳಿಯಬೇಕಾದರೆ ಆ ಹುಡುಗ ಪರೀಕ್ಷೆಗೆ ಬರಲೂಬೇಕು, ಕಡಿಮೆ ಅಂಕ ತೆಗೆಯಲೂಬೇಕು. ನಾವು ಯಾರೂ ಬೇಕು ಅಂತ ಹೀಗೆ ಮಾಡಿದ್ದಲ್ಲ. ಆದರೆ ನಮ್ಮ ನಿಯಮ ಅವಳಿಗೆ ಹೇಳುತ್ತಿದ್ದದ್ದು ಇದನ್ನೇ. ಮೇಷ್ಟ್ರಾಗಿ ನನಗೆ ಇದನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲ.

ಇನ್ನೊಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ಎಕ್ಸೆಲ್‌ನಲ್ಲಿ ಈ ಚದುರಿಕೆ ಲೆಕ್ಕ ಹಾಕಲು ಎರಡು ಸೂತ್ರಗಳಿವೆ. ಒಂದು ಹನ್ನೊಂದರಿಂದ ಭಾಗಿಸುತ್ತದೆ, ಇನ್ನೊಂದು ಹತ್ತರಿಂದ. ಎರಡನೆಯದು ಹಾಕಿದರೆ ಚದುರಿಕೆ 6.2 ಬರುತ್ತದೆ. ಎ ಶುರುವಾಗುವುದು 84.2ಕ್ಕೆ. 84 ತೆಗೆದವನ ಎ ಹೋಯಿತು! ಯಾವ ಸೂತ್ರ ಹಾಕಬೇಕೆಂದು ನಮ್ಮ ನಿಯಮದಲ್ಲಿ ಬರೆದೇ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಹಾಕುತ್ತಿದ್ದರು.

ಹಾಗಂತ ಕರ್ವ್ ಅಂದರೆ ಕೆಟ್ಟದ್ದು ಎಂದು ಹೇಳಲು ನಾನು ಬಂದಿಲ್ಲ. ಅದು ನನ್ನ ಮಾನ ಉಳಿಸಿದ್ದೂ ಇದೆ. ಒಂದು ವರ್ಷ ಎರಡನೇ ವರ್ಷದವರಿಗೆ ನಾನು ತೆಗೆದ ಪ್ರಶ್ನೆಪತ್ರಿಕೆ ತೀರಾ ಉದ್ದ ಆಯಿತು. ನಾನೇ ಕೂತು ಬರೆದು ನೋಡಿದಾಗ ಎರಡೂವರೆ ಗಂಟೆ ಬೇಕಾಯಿತು. ಮಕ್ಕಳಿಗೆ ಇದ್ದದ್ದು ಮೂರು ಗಂಟೆ. ಪಾಠ ಮಾಡಿದವನಿಗೇ ಎರಡೂವರೆ ಅಂದರೆ ಕಲಿಯುವವರಿಗೆ ಎಷ್ಟು ಬೇಕು? ತರಗತಿಯ ಸರಾಸರಿ 34 ಬಂತು. 40ಕ್ಕೆ ಪಾಸು ಎಂಬ ನಿಯಮ ಹಿಡಿದುಕೊಂಡು ಕೂತಿದ್ದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಬ್ಯಾಕ್, ಅಂದರೆ ಫೇಲಾಗಿ ಮತ್ತೆ ಪರೀಕ್ಷೆ. ತಪ್ಪು ನನ್ನದು, ದಂಡ ಅವರದು. ಅಂಥ ಹೊತ್ತಲ್ಲಿ ಗೆರೆಯನ್ನು ಕೆಳಗೆ ಸರಿಸುವುದು ನ್ಯಾಯ. ಪತ್ರಿಕೆಯ ದೋಷಕ್ಕೆ ಕರ್ವ್ ಒಳ್ಳೆಯ ಔಷಧಿ. ಚೆನ್ನಾಗಿರುವ ಮಕ್ಕಳಿಗೂ ಅದನ್ನೇ ಪ್ರತಿ ಸೆಮಿಸ್ಟರ್ ಕುಡಿಸುತ್ತಿದ್ದೇವೆ ಅನ್ನುವುದು ನನ್ನ ತಕರಾರು.

ನಮ್ಮ ದೇಶದಲ್ಲಿ ಎರಡೂ ಪದ್ಧತಿ ಇವೆ. ಯುಜಿಸಿ 2014ರಲ್ಲಿ ಸಿಬಿಸಿಎಸ್‌ಗೆ (ವಿಷಯ ಆರಿಸಿಕೊಳ್ಳುವ ಕ್ರೆಡಿಟ್ ಪದ್ಧತಿಗೆ) ಮಾರ್ಗಸೂಚಿ ಕೊಟ್ಟಾಗ ರಿಲೇಟಿವ್, ಅಬ್ಸಲ್ಯೂಟ್ ಎಂಬ ಎರಡು ದಾರಿಗಳೂ ಬಳಕೆಯಲ್ಲಿವೆ ಎಂದು ಹೇಳಿ ಎರಡನ್ನೂ ವಿವರಿಸಿತು. ಬಿಟ್ಸ್ ಪಿಲಾನಿಯಲ್ಲಿ, ಹಲವು ಐಐಟಿಗಳಲ್ಲಿ ರಿಲೇಟಿವ್ ಹಳೆಯ ರೂಢಿ. ವಿಟಿಯು ಪರೀಕ್ಷೆಗಳಲ್ಲಿ ಅಬ್ಸಲ್ಯೂಟ್, ಅಂದರೆ ಇಷ್ಟು ಅಂಕಕ್ಕೆ ಇಂಥ ಗ್ರೇಡ್ ಎಂದು ಮೊದಲೇ ಗೊತ್ತು. ಇಬ್ಬರ ಮಕ್ಕಳೂ ಕೊನೆಗೆ ಒಂದೇ ಕಂಪನಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಅಲ್ಲಿ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಗ್ರೇಡಿನ ಸರಾಸರಿ, 7ಕ್ಕಿಂತ ಕಡಿಮೆ ಇದ್ದವರು ಅರ್ಜಿ ಹಾಕುವಂತಿಲ್ಲ ಎಂದು ಬರೆದಿರುತ್ತದೆ. ಆ 7 ಯಾವ ಏಳು ಎಂದು ಯಾರೂ ಕೇಳುವುದಿಲ್ಲ.

ಈ ಕರ್ವ್ ಬಂದದ್ದಾದರೂ ಎಲ್ಲಿಂದ? ನಡುವೆ ಹೆಚ್ಚು, ಎರಡು ತುದಿಗೆ ಕಡಿಮೆ ಇರುವ ಗಂಟೆಯ ಆಕಾರದ ಗೆರೆ ಅದು. ಅದನ್ನು ಜರ್ಮನಿಯ ಗಣಿತಜ್ಞ ಗಾಸ್ ಬಳಸಿದ್ದು ಆಕಾಶದ ಅಳತೆಯಲ್ಲಿ ಬರುವ ತಪ್ಪುಗಳನ್ನು ಲೆಕ್ಕ ಹಾಕಲು. ಒಂದೇ ನಕ್ಷತ್ರವನ್ನು ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತದೆ. ನೂರಾರು ಸಣ್ಣಪುಟ್ಟ ಕಾರಣಗಳು ಸೇರಿ ಹಾಗಾಗುತ್ತದೆ. ಆಮೇಲೆ ಬೆಲ್ಜಿಯಂನ ಕೆಟ್ಲೆ ಅದನ್ನೇ ಮನುಷ್ಯರ ಎತ್ತರ, ಎದೆಯ ಸುತ್ತಳತೆಗೆ ಹಚ್ಚಿದ. ಕಾಲೇಜಿಗೆ ಬಂದದ್ದು ಅಮೆರಿಕದಲ್ಲಿ. 1908ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಮ್ಯಾಕ್ಸ್ ಮೇಯರ್ ಎಂಬ ಮನಃಶಾಸ್ತ್ರದ ಮೇಷ್ಟ್ರು ನೂರರಲ್ಲಿ 3 ಜನಕ್ಕೆ ಅತ್ಯುತ್ತಮ, 22ಕ್ಕೆ ಉತ್ತಮ, 50ಕ್ಕೆ ಮಧ್ಯಮ, 22ಕ್ಕೆ ಕಡಿಮೆ, 3 ಜನಕ್ಕೆ ಫೇಲ್ ಎಂದು ಹಂಚಬೇಕೆಂದರು. ಒಬ್ಬೊಬ್ಬ ಮೇಷ್ಟ್ರು ಒಂದೊಂದು ಥರ ಅಂಕ ಕೊಡುತ್ತಿದ್ದ ಕಾಲ ಅದು. ಅವರ ಚಿಂತೆ ಸುಳ್ಳಲ್ಲ.

ಎಷ್ಟು ಸುಳ್ಳಲ್ಲ ಎಂದು ನಾಲ್ಕೇ ವರ್ಷದಲ್ಲಿ ಗೊತ್ತಾಯಿತು. 1912ರಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಎರಡು ಇಂಗ್ಲಿಷ್ ಉತ್ತರ ಪತ್ರಿಕೆಗಳನ್ನು ಬೇರೆ ಬೇರೆ ಶಾಲೆಗಳಿಗೆ ಕಳಿಸಿದರು. 142 ಶಿಕ್ಷಕರು ಅದೇ ಪತ್ರಿಕೆಗಳಿಗೆ ಅಂಕ ಹಾಕಿ ಕಳಿಸಿದರು. ಒಂದಕ್ಕೆ 64ರಿಂದ 98ರವರೆಗೆ ಬಂತು. ಇನ್ನೊಂದಕ್ಕೆ 50ರಿಂದ 97ರವರೆಗೆ. ಭಾಷೆಯ ವಿಷಯದಲ್ಲಿ ಹಾಗಾಗುತ್ತದೆ ಎಂದವರಿಗೆ ಉತ್ತರವಾಗಿ ಮರುವರ್ಷ ಜಾಮಿಟ್ರಿ ಪತ್ರಿಕೆ ಕಳಿಸಿದರು. ಅಂತರ ಇನ್ನೂ ಜಾಸ್ತಿಯಾಯಿತು.

ನಮ್ಮಲ್ಲೂ ಇದೇ ಕಥೆ. ಒಮ್ಮೆ ನನ್ನ ಎ ಸೆಕ್ಷನ್‌ನ ಸರಾಸರಿ 61, ಸಹೋದ್ಯೋಗಿಯೊಬ್ಬರ ಬಿ ಸೆಕ್ಷನ್‌ನದು 49. ಒಂದೇ ಪ್ರಶ್ನೆಪತ್ರಿಕೆ, ಒಂದೇ ಸ್ಕೀಮ್ (ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿ). ಸ್ಟಾಫ್ ರೂಮಿನಲ್ಲಿ ಎರಡು ಗುಂಪಾಯಿತು. ಅವರು ಬಿಗಿ ಎಂದು ಕೆಲವರು, ಆ ಸೆಕ್ಷನ್ನೇ ವೀಕ್ ಎಂದು ಕೆಲವರು. ಸೆಕ್ಷನ್‌ಗೊಂದು ಕರ್ವ್ ಹಾಕಿದರೆ ಎರಡೂ ಸಮ ಆಗುತ್ತಿದ್ದವು, ಜಗಳ ಮುಗಿಯುತ್ತಿತ್ತು. ಆದರೆ ಯಾರ ಮಾತು ನಿಜ ಅನ್ನುವುದು ಮುಚ್ಚಿಹೋಗುತ್ತಿತ್ತು. ಆ ಮೇಡಂ ಒಂದು ಮಾತು ಹೇಳಿದರು: "ಸರ್, ಹತ್ತು ಪೇಪರ್ ನೀವು ನಂದು ನೋಡಿ, ಹತ್ತು ನಾನು ನಿಮ್ದು ನೋಡ್ತೀನಿ." ಅಂಕ ಕಾಣದ ಹಾಗೆ ಮಡಚಿ ಬದಲಾಯಿಸಿಕೊಂಡೆವು. ಒಂದೇ ಪತ್ರಿಕೆಗೆ ಅವರು ನನಗಿಂತ ಸರಾಸರಿ 7 ಅಂಕ ಕಡಿಮೆ ಕೊಡುತ್ತಿದ್ದರು. ಅಂದರೆ ಹನ್ನೆರಡರ ಅಂತರದಲ್ಲಿ ಏಳು ಮೇಷ್ಟ್ರುಗಳದು, ಐದು ಮಾತ್ರ ಮಕ್ಕಳದು. ನಾನು ಒಂದು ಪ್ರಶ್ನೆಗೆ ಸೂತ್ರ ಬರೆದಿದ್ದರೆ ಸಾಕು ಎಂದು ಎರಡು ಅಂಕ ಕೊಟ್ಟುಬಿಡುತ್ತಿದ್ದೆ. ಅವರು ಚಿತ್ರ ಇಲ್ಲದಿದ್ದರೆ ಸೊನ್ನೆ ಹಾಕುತ್ತಿದ್ದರು. ಸ್ಕೀಮಿನಲ್ಲಿ ಅದು ಸ್ಪಷ್ಟವಾಗಿರಲಿಲ್ಲ. ಒಂದು ಮಧ್ಯಾಹ್ನದ ಕೆಲಸದಲ್ಲಿ ರೋಗ ಎಲ್ಲಿದೆ ಎಂದು ಸಿಕ್ಕಿತು.

ಅಲ್ಲಿಂದ ನಾವು ಪ್ರಶ್ನೆ ಹಂಚಿಕೊಂಡು ವ್ಯಾಲ್ಯುಯೇಷನ್ ಮಾಡುತ್ತೇವೆ. ಒಂದನೇ ಪ್ರಶ್ನೆ ಎರಡೂ ಸೆಕ್ಷನ್‌ಗೆ ಅವರದು, ಎರಡನೆಯದು ನನ್ನದು. ಬಿಗಿ ಇದ್ದರೂ ಸಡಿಲ ಇದ್ದರೂ ಎಲ್ಲ ಮಕ್ಕಳಿಗೂ ಒಂದೇ. ಕಷ್ಟ ಏನೆಂದರೆ ಕಟ್ಟುಗಳನ್ನು ಆ ಟೇಬಲ್ಲಿಂದ ಈ ಟೇಬಲ್ಲಿಗೆ ಸಾಗಿಸುತ್ತಾ ಇರಬೇಕು. ಎರಡು ದಿನದ ಕೆಲಸ ಮೂರು ದಿನ ಹಿಡಿಯುತ್ತದೆ. ಅಷ್ಟೇ ತಾನೆ.

ಇಲ್ಲಿ ಕೂತಿರುವ ಇಂಜಿನಿಯರಿಂಗ್ ಮಕ್ಕಳಿಗೆ ಒಂದು ಮಾತು. ನಿಮ್ಮ ಪ್ರಶ್ನೆಪತ್ರಿಕೆಯ ಬಲಬದಿಯಲ್ಲಿ ಎಲ್1, ಎಲ್2, ಎಲ್3 ಎಂದು ಒಂದು ಕಾಲಂ ಇರುತ್ತದಲ್ಲ, ಅದು ಬ್ಲೂಮ್ ಅವರ ಹೆಸರಿನ, ಕಲಿಕೆಯ ಹಂತಗಳ ಪಟ್ಟಿಯಿಂದ ಬಂದದ್ದು. ಬೆಂಜಮಿನ್ ಬ್ಲೂಮ್ ಅಮೆರಿಕದ ಶಿಕ್ಷಣ ತಜ್ಞ. ಅದೇ ಬ್ಲೂಮ್ 1968ರಲ್ಲಿ ಈ ಕರ್ವ್ ವಿರುದ್ಧ ಗಟ್ಟಿಯಾಗಿ ಬರೆದರು. ಅವರ ವಾದ ಬಹಳ ಸರಳ. ಗಂಟೆಯಾಕಾರದ ಗೆರೆ ತಾನಾಗಿಯೇ, ಆಕಸ್ಮಿಕವಾಗಿ ನಡೆಯುವ ಸಂಗತಿಗಳಿಗೆ ಸರಿ. ಪಾಠ ಮಾಡುವುದು ಆಕಸ್ಮಿಕ ಅಲ್ಲ, ಉದ್ದೇಶವಿಟ್ಟು ಮಾಡುವ ಕೆಲಸ. ನಾವು ಪಾಠ ಮಾಡಿದ ಮೇಲೂ ಅಂಕಗಳು ಅದೇ ಗಂಟೆಯ ಆಕಾರದಲ್ಲಿ ಉಳಿದರೆ ನಮ್ಮ ಪಾಠ ತಾಗಿಲ್ಲ ಎಂದೇ ಅರ್ಥ.

ವಾಷಿಂಗ್ಟನ್ ಒಪ್ಪಂದ ಅಂದರೆ ದೇಶ ದೇಶಗಳು ಪರಸ್ಪರರ ಇಂಜಿನಿಯರಿಂಗ್ ಪದವಿಯನ್ನು ಒಪ್ಪಿಕೊಳ್ಳುವ ಏರ್ಪಾಟು. 2014ರಲ್ಲಿ ಭಾರತ ಅದರ ಕಾಯಂ ಸದಸ್ಯ ಆದಮೇಲೆ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಗಾಗಿ ನಾವೆಲ್ಲ ಕೋರ್ಸ್ ಔಟ್‌ಕಮ್ ಲೆಕ್ಕದ ಫೈಲುಗಳನ್ನು ತುಂಬಿಸುತ್ತೇವೆ. ಇಂಥ ವಿಷಯ ಇಷ್ಟು ಮಕ್ಕಳಿಗೆ ಬಂತು, ಗುರಿ ಮುಟ್ಟಿದೆವು ಎಂದು. ಆ ಫೈಲಿನಲ್ಲಿ ನನ್ನ ಹನ್ನೊಂದೂ ಮಕ್ಕಳು ಗುರಿ ಮುಟ್ಟಿದವರು. ಅದೇ ದಿನ, ಅದೇ ಕಂಪ್ಯೂಟರಿನಲ್ಲಿ, ಗ್ರೇಡ್ ಶೀಟಿನಲ್ಲಿ ಅವರಲ್ಲಿ ಇಬ್ಬರಿಗೆ ಡಿ. ಎರಡಕ್ಕೂ ಸಹಿ ನನ್ನದೇ.

ಹೊರಗಿನ ಅನುಭವ ಏನು ಹೇಳುತ್ತದೆ? ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಎ ಗ್ರೇಡುಗಳು ಶೇಕಡ 35 ಮೀರಬಾರದು ಎಂಬ ನೀತಿ ತಂದಿತು. ಎಲ್ಲರಿಗೂ ಎ ಸಿಗುತ್ತಿದೆ, ಎಗೆ ಬೆಲೆಯೇ ಇಲ್ಲ ಎಂಬ ಕಾರಣಕ್ಕೆ. ಇದು ಗುರಿ ಮಾತ್ರ, ಕೋಟಾ ಅಲ್ಲ ಎಂದು ಹೇಳಿದರು. ಮಕ್ಕಳಿಗೆ ಅದು ಕೋಟಾ ಆಗಿಯೇ ಕಂಡಿತು. ಹತ್ತು ವರ್ಷದ ನಂತರ, 2014ರಲ್ಲಿ, ಅವರೇ ಅದನ್ನು ಕೈಬಿಟ್ಟರು.

ಅಮೆರಿಕದ್ದೇ ಆದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯ. ಅಲ್ಲಿ ಪೀಟರ್ ಫ್ರೋಲಿಕ್ ಎಂಬ ಕಂಪ್ಯೂಟರ್ ಸೈನ್ಸ್ ಮೇಷ್ಟ್ರು ಪರೀಕ್ಷೆಯಲ್ಲಿ ಅತಿ ಹೆಚ್ಚು ಬಂದ ಅಂಕವನ್ನೇ ನೂರು ಎಂದು ಹಿಡಿದು ಉಳಿದವರನ್ನು ಅಳೆಯುತ್ತಿದ್ದರು. 2012ರ ಡಿಸೆಂಬರ್‌ನಲ್ಲಿ ಮಕ್ಕಳು ಒಂದು ಲೆಕ್ಕ ಹಾಕಿದರು. ಯಾರೂ ಪರೀಕ್ಷೆ ಬರೆಯದಿದ್ದರೆ ಅತಿ ಹೆಚ್ಚು ಅಂಕ ಸೊನ್ನೆ. ಹಾಗಾದರೆ ಸೊನ್ನೆಯೇ ನೂರು! ಎಲ್ಲರೂ ಹಾಲ್ ಹೊರಗೆ ನಿಂತರು. ಒಬ್ಬ ಒಳಗೆ ಹೋದರೂ ಉಳಿದವರೂ ಓಡಬೇಕು, ಅದಕ್ಕೆ ತಯಾರಾಗಿಯೇ ನಿಂತಿದ್ದರು. ಒಬ್ಬರೂ ಹೋಗಲಿಲ್ಲ. ಮೇಷ್ಟ್ರು ತಮ್ಮ ಮಾತಿಗೆ ತಪ್ಪದೆ ಎಲ್ಲರಿಗೂ ಎ ಕೊಟ್ಟರು, ಆಮೇಲೆ ನಿಯಮ ಬದಲಿಸಿದರು. ಅವರು ಮಾತು ಉಳಿಸಿಕೊಂಡದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ನಿಯಮದಲ್ಲಿ ತೂತು ಇದ್ದರೆ ಅದು ಮಾಡಿದವರ ತಲೆ ಮೇಲೆ ಬೀಳಬೇಕು.

ನಮ್ಮಲ್ಲಿ ಆಗುವುದು ಇದರ ಉಲ್ಟಾ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯು ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಮತ್ತು ಪ್ರಥಮ ಪಿಯು ಅಂಕ ನೋಡಿ ಅಂಕ ಕೊಟ್ಟರು. ಆ ಮಕ್ಕಳಲ್ಲಿ ಸುಮಾರು 24 ಸಾವಿರ ಜನ 2022ರಲ್ಲಿ ಮತ್ತೆ ಸಿಇಟಿ ಬರೆದರು. ರ‍್ಯಾಂಕ್ ಬಂದಾಗ ನೋಡಿದರೆ ಇವರ ಪಿಯು ಅಂಕ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೊಸಬರಿಗೆ ಮಾತ್ರ ಪಿಯು ಅರ್ಧ, ಸಿಇಟಿ ಅರ್ಧ. ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಕೊನೆಗೆ ಇವರ ಪಿಯು ಅಂಕದಲ್ಲಿ ಸ್ವಲ್ಪ ಕಡಿತ ಮಾಡಿ ಸೇರಿಸಿಕೊಳ್ಳುವ ಸೂತ್ರಕ್ಕೆ ಕೋರ್ಟ್ ಒಪ್ಪಿತು. ಎರಡು ವರ್ಷದ ಮಕ್ಕಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟವೇ, ಒಪ್ಪುತ್ತೇನೆ. ಆದರೆ ತಕ್ಕಡಿ ಯಾವುದು ಎಂದು ತೂಗಿದ ಮೇಲೆ ಹೇಳಿದರೆ ಹೇಗೆ? ಆ ವಾರಗಳಲ್ಲಿ ನನ್ನ ತಂಗಿಯ ಮನೆಯಲ್ಲಿ ಒಂದು ಮಗು ಊಟ ಬಿಟ್ಟು ಕೂತಿತ್ತು.

ಈಗ ನಾನು ಮಾಡುವುದು ಇಷ್ಟು. ಸೆಮಿಸ್ಟರ್‌ನ ಮೊದಲ ತರಗತಿಯಲ್ಲೇ ಗ್ರೇಡಿನ ಗೆರೆಗಳನ್ನು ಬರೆದು ಕೊಡುತ್ತೇನೆ. ಇಷ್ಟಕ್ಕೆ ಎ, ಇಷ್ಟಕ್ಕೆ ಬಿ. ಪತ್ರಿಕೆ ಕಷ್ಟವಾದರೆ ಆ ಗೆರೆ ಕೆಳಗೆ ಬರಬಹುದು, ಯಾವ ಕಾರಣಕ್ಕೂ ಮೇಲೆ ಹೋಗುವುದಿಲ್ಲ. ಪತ್ರಿಕೆ ಕಷ್ಟವಾಯಿತೋ ಮಕ್ಕಳು ಓದಲಿಲ್ಲವೋ ಎಂದು ಗೊತ್ತಾಗಲು ಪ್ರತಿ ವರ್ಷ ಎರಡು ಮೂರು ಪ್ರಶ್ನೆಗಳನ್ನು ಹಿಂದಿನ ವರ್ಷದ ಅಳತೆಯಲ್ಲೇ ಇಡುತ್ತೇನೆ. ಸಂಖ್ಯೆ ಬೇರೆ, ಕಷ್ಟ ಅಷ್ಟೇ. ಅದರಲ್ಲಿ ಇವರು ಹಿಂದಿನವರಷ್ಟೇ ಮಾಡಿ, ಉಳಿದದ್ದರಲ್ಲಿ ಬಿದ್ದರೆ ದೋಷ ನನ್ನ ಪತ್ರಿಕೆಯದು. ಮೂವತ್ತಕ್ಕಿಂತ ಕಡಿಮೆ ಮಕ್ಕಳಿರುವ ಕಡೆ ಸರಾಸರಿ, ಚದುರಿಕೆ ಎಂಬ ಮಾತೇ ಎತ್ತಬಾರದು ಎಂದು ಪರೀಕ್ಷಾ ಮಂಡಳಿಯ ಸಭೆಯಲ್ಲಿ ಮೂರು ವರ್ಷ ಹೇಳಿದೆ. ನಾಲ್ಕನೇ ವರ್ಷ ಒಪ್ಪಿದರು. ಆ ಹನ್ನೊಂದು ಸಂಖ್ಯೆಯನ್ನು ಅಲ್ಲೂ ಬೋರ್ಡ್ ಮೇಲೆ ಬರೆದಿದ್ದೆ.

ಮಾತು ಮುಗಿದ ಮೇಲೆ ಒಬ್ಬ ತಂದೆ ಎದ್ದು ನಿಂತು ಕೇಳಿದರು. "ಹಾಗಾದ್ರೆ ಎಲ್ಲರಿಗೂ ಎ ಕೊಟ್ಬಿಡ್ತೀರಾ ಸರ್? ಆಮೇಲೆ ಬುದ್ಧಿವಂತರು ಯಾರು ಅಂತ ಗೊತ್ತಾಗೋದು ಹೇಗೆ?"

ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇದು. "ಆರ್‌ಟಿಓದಲ್ಲಿ ಲೈಸೆನ್ಸ್ ಕೊಡುವಾಗ ಅವತ್ತು ಎಷ್ಟು ಜನ ಚೆನ್ನಾಗಿ ಓಡಿಸಿದರು ಅಂತ ನೋಡಲ್ಲ. ನೀವು ಓಡಿಸಿದ್ದು ಸರಿ ಇದ್ಯಾ ಅಂತ ನೋಡ್ತಾರೆ. ಹನ್ನೊಂದು ಜನಕ್ಕೂ ವಿಷಯ ನಿಜವಾಗಿ ಬಂದಿದ್ರೆ ಹನ್ನೊಂದು ಜನಕ್ಕೂ ಎ ಕೊಡ್ತೀನಿ. ಆದ್ರೆ ನನ್ನ ಪತ್ರಿಕೆ ಸುಲಭ ಇರಲ್ಲ. ಎಲ್ಲರೂ ಎ ತೆಗೆದ್ರೆ ಮೊದಲು ನನ್ನ ಪತ್ರಿಕೆನ ಬೇರೆಯವರಿಗೆ ಕೊಟ್ಟು ನೋಡಿಸ್ತೀನಿ. ಮಕ್ಕಳನ್ನ ಕೆಳಗಿಳಿಸಲ್ಲ. ಇನ್ನು ಕಂಪನಿಗೆ ಹತ್ತರಲ್ಲಿ ಒಬ್ಬರನ್ನ ಆರಿಸಬೇಕಾದ್ರೆ, ಅದಕ್ಕೆ ಅವರದೇ ಪರೀಕ್ಷೆ ಇದೆ, ಇಂಟರ್‌ವ್ಯೂ ಇದೆ. ಆ ಕೆಲಸ ಅವರು ಮಾಡ್ಲಿ."

ಅವರು ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ತಲೆಯಾಡಿಸುತ್ತಾ ಕೂತರು.

ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಬೇರೆ ಊರಿನ ಕಾಲೇಜು. "ಸರ್, ನನಗೆ ಒಂದು ಸಬ್ಜೆಕ್ಟ್‌ನಲ್ಲಿ 76ಕ್ಕೆ ಸಿ ಬಂದಿದೆ. ಕ್ಲಾಸಲ್ಲಿ ಒಂಬತ್ತೇ ಜನ. ಅದು ಮಾರ್ಕ್ಸ್ ಕಾರ್ಡ್‌ನಲ್ಲಿ ಎಲ್ಲೂ ಇಲ್ಲ. ಬರೀ ಸಿ ಅಂತಿದೆ. ನಾನು ಏನ್ ಮಾಡ್ಲಿ?"

"ಅಮ್ಮಾ, ನಿಮ್ಮ ಮೇಷ್ಟ್ರ ಹತ್ತಿರ ಹೋಗು" ಎಂದೆ. "ಜಗಳ ಬೇಡ. ಕಾಲೇಜಿನ ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆದು ಕೊಡಿ ಅಂತ ಕೇಳು. ತರಗತಿಯಲ್ಲಿ ಎಷ್ಟು ಜನ, ಸರಾಸರಿ ಎಷ್ಟು, ನಿನಗೆ ಬಂದ ಅಂಕ ಎಷ್ಟು. ಇಂಟರ್‌ವ್ಯೂಗೆ ಹೋದಾಗ ಮಾರ್ಕ್ಸ್ ಕಾರ್ಡ್ ಜೊತೆ ಅದನ್ನೂ ಇಡು."

ಆ 74ರ ಹುಡುಗನಿಗೆ ನಾನು ಕೊಟ್ಟದ್ದೂ ಅಂಥದೇ ಒಂದು ಪತ್ರ. ಗ್ರೇಡ್ ಬದಲಿಸುವ ಅಧಿಕಾರ ನನಗಿರಲಿಲ್ಲ. ಹನ್ನೊಂದು ಜನ, ಸರಾಸರಿ 78 ಎಂದು ಬರೆದು, ಸಹಿ ಹಾಕಿ, ಕೆಳಗೆ ನನ್ನ ಫೋನ್ ನಂಬರ್ ಹಾಕಿದ್ದೆ. ಒಂದು ದಿನ ಒಂದು ಕಂಪನಿಯಿಂದ ಕರೆ ಬಂತು. ಪತ್ರ ನಿಜವೇ ಎಂದು ಕೇಳಿದರು. ನಿಜ ಎಂದೆ.